ಪೇಂಟ್ ಹೊಡೆದರೂ ಬೀರುವಿನ ಹಿಂದೆ ಬೂಷ್ಟು ಏಕೆ?

ಪ್ರಶ್ನೆ: ವಿಜಯನಗರದಲ್ಲಿ ಮೂರು ಮಹಡಿ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಮಲಗುವ ಕೋಣೆಯ ಉತ್ತರದ ಗೋಡೆಗೆ ಒರಗಿಸಿದ ಬೀರುವಿನ ಹಿಂದೆ ಪ್ರತಿ ಮಳೆಗಾಲ ಕಪ್ಪು ಬೂಷ್ಟು ಹಿಡಿಯುತ್ತದೆ. ಯುಗಾದಿಗೆ ಮಾಲೀಕರು ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿದರು, ಗಣೇಶನ ಹಬ್ಬದ ಹೊತ್ತಿಗೆ ಮತ್ತೆ ಬಂತು. ಚಳಿಗಾಲದ ಬೆಳಿಗ್ಗೆ ಕಿಟಕಿ ಗಾಜಿನಿಂದಲೂ ನೀರಿಳಿಯುತ್ತದೆ.

ಗಾಜಿನ ವಿಷಯ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಗೋಡೆಯ ನೀರು ಬಹುತೇಕ ಹೊರಗಿನ ಮಳೆಯದಲ್ಲ, ಕೋಣೆಯ ಗಾಳಿಯದೇ. ಆದರೂ ಮತ್ತೆ ಪೇಂಟಿಗೆ ದುಡ್ಡು ಸುರಿಯುವ ಮೊದಲು ಖಚಿತ ಮಾಡಿಕೊಳ್ಳಿ. ಬೀರು ಸರಿಸಿ, ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಮೇಲೆ ಹನಿ ಕಂಡರೆ ಅದು ಕೋಣೆಯ ತೇವ. ಹಾಳೆಯ ಹಿಂದೆ ಕಂಡರೆ ಗೋಡೆಯೇ ನೀರು ಕುಡಿದಿದೆ: ಹೊರಗಿನ ಪ್ಲಾಸ್ಟರಿನ ಬಿರುಕು, ಸಜ್ಜಾ ಗೋಡೆಗೆ ಸೇರುವ ಜಾಗ, ಒಡೆದ ಪೈಪು ಇವನ್ನು ನೋಡಬೇಕು. ಬಿಳಿ ಪುಡಿ ಉದುರುತ್ತಿದ್ದರೆ ಅದು ಬೂಷ್ಟಲ್ಲ, ಗೋಡೆಯ ಉಪ್ಪು. ಅದೂ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬುದರ ಗುರುತು.

ಇಷ್ಟೊಂದು ತೇವ ಎಲ್ಲಿಂದ ಎಂದು ಕೇಳಬಹುದು. ಒಂದು ಕೆ.ಜಿ. ಅಡುಗೆ ಅನಿಲ ಉರಿದರೆ ಸುಮಾರು 1.6 ಕೆ.ಜಿ. ನೀರಾವಿ ಹುಟ್ಟುತ್ತದೆ. ಅಂದರೆ 14.2 ಕೆ.ಜಿ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿಗೂ ಹೆಚ್ಚು ನೀರು ಮನೆಯ ಗಾಳಿಗೆ ಸೇರಿರುತ್ತದೆ, ಅನ್ನ ಸಾರು ಕುದಿದ ಆವಿ ಬೇರೆ. ಕಿಟಕಿ ಮುಚ್ಚಿ ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರು, ಬೆವರಿನಿಂದಲೇ ಅರ್ಧ ಲೀಟರ್. ಒಂದು ಮಷಿನ್ ಬಟ್ಟೆಯನ್ನು ಕೋಣೆಯೊಳಗೆ ಹರವಿದರೆ ಇನ್ನೆರಡು ಲೀಟರ್.

24 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 70 ಇದ್ದರೆ, ಅದು 18 ಡಿಗ್ರಿಯ ಮೇಲ್ಮೈ ಮುಟ್ಟಿದೊಡನೆ ನೀರಾಗುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರಿನಲ್ಲಿ ಗಾಜು ಅಷ್ಟು ತಣ್ಣಗಾಗುವುದು ಸಾಮಾನ್ಯ. ಬೂಷ್ಟಿಗಂತೂ ಹನಿಯೂ ಬೇಡ. ಗೋಡೆಗೆ ತಾಗಿದ ಗಾಳಿಯ ತೇವಾಂಶ ದಿನಗಟ್ಟಲೆ ಶೇ 80 ದಾಟಿದ್ದರೆ ಸಾಕು. ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ ರಾತ್ರಿ ಬೇಗ ತಣಿಯುತ್ತದೆ. ಬೀರು ಅಡ್ಡವಿರುವಲ್ಲಿ ಕೋಣೆಯ ಬಿಸಿಯೂ ತಲುಪದು, ಗಾಳಿಯೂ ಆಡದು. ನಿಮ್ಮದು ಉತ್ತರದ ಗೋಡೆ ಬೇರೆ: ನಮ್ಮೂರಿನಲ್ಲಿ ಅದಕ್ಕೆ ನಡುಹಗಲಿನ ಬಿಸಿಲು ಸಿಗುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಅದರಲ್ಲೂ ಜೂನ್ ಬಂದರೆ ಮೋಡ.

ಡ್ಯಾಂಪ್‌ಪ್ರೂಫ್ ಪೇಂಟ್ ಸೋತದ್ದು ಇದಕ್ಕೇ. ಅದು ಗೋಡೆಯ ಹಿಂದಿನ ನೀರನ್ನು ತಡೆಯಬಲ್ಲದು, ಮುಂದಿನ ಗಾಳಿಯನ್ನಲ್ಲ. ಗೋಡೆ ಒಳಗೇ ನೆನೆದಿದ್ದರೂ ಕೋಣೆಯ ಕಡೆಯಿಂದ ಮಾತ್ರ ಅದನ್ನು ಹೊಡೆಯುವುದು ದಂಡ; ಎರಡು ಮಳೆಗಾಲದೊಳಗೆ ಪುಟ್ಟಿ ಸಮೇತ ಗುಳ್ಳೆ ಎದ್ದು ಬರುತ್ತದೆ.

ಮೊದಲು ಬೂಷ್ಟು ತೆಗೆಯಿರಿ. ಎನ್95 ಮಾಸ್ಕ್, ರಬ್ಬರ್ ಗ್ಲೌಸ್ ಹಾಕಿ, ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿ. ಒಣ ಪೊರಕೆಯಿಂದ ಗುಡಿಸಬೇಡಿ, ಬೀಜಕಗಳು ಮನೆ ತುಂಬ ಹಾರುತ್ತವೆ. ಸೋಪಿನ ನೀರಿನಲ್ಲಿ ಒದ್ದೆ ಮಾಡಿ ಉಜ್ಜಿ ಒರೆಸಿ. ಕಲೆ ಉಳಿದರೆ ಲೀಟರ್ ನೀರಿಗೆ 60 ಮಿ.ಲೀ. ಬ್ಲೀಚ್ ದ್ರಾವಣ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ. ಮೆತ್ತಗಾದ ಪುಟ್ಟಿಯನ್ನು ಕೆರೆದು ತೆಗೆಯಬೇಕು, ಬ್ಲೀಚ್ ಅದರೊಳಕ್ಕೆ ಇಳಿಯದು. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಆಮೇಲೆ ಬೀರನ್ನು ಗೋಡೆಯಿಂದ ನಾಲ್ಕು ಇಂಚು ಮುಂದಿಡಿ. ಸಾಧ್ಯವಾದರೆ ಒಳಗೋಡೆಗೇ ಸಾಗಿಸಿ, ಅದಕ್ಕಿಂತ ಅಗ್ಗದ ಪರಿಹಾರ ಇನ್ನೊಂದಿಲ್ಲ. ಅಡುಗೆ ಮುಗಿಯುವವರೆಗೂ ಎಕ್ಸಾಸ್ಟ್ ಫ್ಯಾನ್ ಓಡಲಿ. ಮಲಗುವ ಕೋಣೆಯ ಕಿಟಕಿಯನ್ನು ರಾತ್ರಿ ಎರಡು ಬೆರಳಷ್ಟಾದರೂ ತೆರೆದಿಡಿ. ಸೊಳ್ಳೆ ಬರುತ್ತದೆ, ಮೆಶ್ ಹಾಕಿಸಿ. ಮಳೆಯ ದಿನ ಕಿಟಕಿ ತೆರೆದರೆ ತೇವ ಹೆಚ್ಚುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಹೊರಗೆ 22 ಡಿಗ್ರಿ, ತೇವಾಂಶ ಶೇ 85 ಇದ್ದರೂ ಆ ಗಾಳಿ ಒಳಗೆ 26 ಡಿಗ್ರಿಗೆ ಬಂದಾಗ ಶೇ 67ಕ್ಕೆ ಇಳಿದಿರುತ್ತದೆ. ಕೆಲವು ನೂರು ರೂಪಾಯಿಯ ಡಿಜಿಟಲ್ ತೇವಮಾಪಕ ತಂದಿಟ್ಟರೆ ಊಹಿಸುವ ಕಷ್ಟ ತಪ್ಪುತ್ತದೆ. ಒಣ ತಿಂಗಳುಗಳಲ್ಲಿ ಅದು ಶೇ 60ರ ಕೆಳಗೇ ಇರಬೇಕು.

ಹೊಸ ಪೇಂಟ್ ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಸಾಕು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೆ ಮಾಡಿ, ಎರಡೂ ಬದಿ ಒಣಗಿದ್ದರೆ ಮಾತ್ರ ಪ್ರೈಮರ್, ಅದರ ಮೇಲೆ ಬೂಷ್ಟು ನಿರೋಧಕ ಎಮಲ್ಷನ್.

ಪ್ರಶ್ನೆ: ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟರೂ ಮುಗ್ಗಲು ವಾಸನೆ ಹೋಗುತ್ತಿಲ್ಲ.

ನುಸಿಗುಳಿಗೆ ಹುಳುವಿಗೆ, ತೇವಕ್ಕಲ್ಲ. ಸೀರೆಯ ಪ್ಲಾಸ್ಟಿಕ್ ಕವರ್ ತೆಗೆದು, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಬಳಸುವುದಾದರೆ ಕೆಳಗಿನ ಅರೆಯಲ್ಲಿ, ಬಟ್ಟೆಗೆ ತಾಗದಂತೆ ಇಡಿ. ಅದರಿಂದ ಸೋರುವ ಉಪ್ಪುನೀರು ರೇಷ್ಮೆಗೂ ಜರಿಗೂ ಆಗದು. ಮುಗ್ಗಲು ಹಿಡಿದ ಸೀರೆಯನ್ನು ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಂದು ದಿನ ಹರವಿ ಪೂರ್ತಿ ಒಣಗಿದ ಮೇಲೆಯೇ ಒಳಗಿಡಿ.