ಹುಬ್ಬೇರಿಸಿ ನೋಡಿದ್ದಕ್ಕೆ ಮುನಿಸೇಕೆ?

ಹಾವೇರಿಯ ಓದುಗರೊಬ್ಬರ ದೂರು: ಬೆಳಿಗ್ಗೆ ಏಳುವಷ್ಟರಲ್ಲಿ ಅವರ ಸೋದರಮಾವನ ಬಾಯಿ ವಾರೆಯಾಗಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಲಕ್ವವೆಂದು ಹೆದರಿ ಓಡಿದರೆ ವೈದ್ಯರು ‘ಹುಬ್ಬೇರಿಸಿ, ಹಲ್ಲು ಕಿರಿಯಿರಿ, ಕೈ ಎತ್ತಿ’ ಎಂದೆಲ್ಲ ಹೇಳಿ ನೋಡಿ, ಸ್ಕ್ಯಾನ್ ಬರೆಯದೆ ಮಾತ್ರೆ ಕೊಟ್ಟು ಕಳಿಸಿದರಂತೆ. ‘ಇದು ಬೇಜವಾಬ್ದಾರಿಯಲ್ಲವೇ?’

ಸಂಪಾದಕರ ಉತ್ತರ: ನಿಮ್ಮ ಆತಂಕ ಸಹಜ. ಮಾತು ತೊದಲಿದರೆ, ಕೈಕಾಲು ಸೋತರೆ ಸ್ಕ್ಯಾನ್ ಬೇಕೇ ಬೇಕು, ಅದೂ ತಕ್ಷಣ. ಆದರೆ ಆ ವೈದ್ಯರಿಗೆ ನೀವು ಸಲ್ಲಿಸಬೇಕಾದದ್ದು ದೂರಲ್ಲ, ನಮಸ್ಕಾರ.

ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾದರೂ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ಮುಖವನ್ನು ಆಡಿಸುವ ಏಳನೆಯದೇ ಊದಿಕೊಂಡು ಕಿವಿಯ ಬಳಿಯ ಮೂಳೆಯ ಸಪೂರ ದಾರಿಯಲ್ಲಿ ಸಿಕ್ಕಿಕೊಂಡರೆ ಆ ಬದಿಯ ಹಣೆಯೂ ಸಪಾಟು. ಇದೇ ‘ಬೆಲ್ಸ್ ಪಾಲ್ಸಿ’; ಹುಬ್ಬೇರಿಸಲು ಹೇಳಿದ್ದು ಇದನ್ನು ಗುರುತಿಸಲೆಂದೇ. ಮಾವನವರಿಗೆ ಕುಕ್ಕರ್ ಸೀಟಿ ಕಿವಿಗೆ ಬಡಿಯುತ್ತದೆ, ಉಪ್ಪಿಟ್ಟು ಸಪ್ಪೆ ಅನ್ನುತ್ತಾರೆ ಎಂದು ನೀವೇ ಬರೆದಿದ್ದೀರಲ್ಲ? ಅದೂ ಇದೇ ನರದ ಕೆಲಸ. ಕಿವಿಯೊಳಗೆ ದೊಡ್ಡ ಸದ್ದನ್ನು ತಗ್ಗಿಸುವ ಪುಟ್ಟ ಸ್ನಾಯು ಅದರ ಕೈಲಿದೆ. ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಪಾಲಿನ ರುಚಿಯೂ.

ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ 1821ರಲ್ಲಿ ಮುಖದ ನರಗಳ ಬಗ್ಗೆ ಬರೆದಾಗ ಎಕ್ಸ್‌ರೇ ಕೂಡ ಹುಟ್ಟಿರಲಿಲ್ಲ. ಆತ ಚಿತ್ರಕಾರನೂ ಹೌದು, ಮುಖ ನೋಡಿ ಬಲ್ಲವ. (ಅವನಿಗಿಂತ ಒಂಬೈನೂರು ವರ್ಷ ಮೊದಲೇ ಪರ್ಷಿಯಾದ ವೈದ್ಯ ಅಲ್ ರಾಝಿ ಈ ಕಾಯಿಲೆಯನ್ನು ವರ್ಣಿಸಿದ್ದ, ಹೆಸರು ಮಾತ್ರ ಬೆಲ್‌ಗೆ ಹೋಯಿತು.) ಇನ್ನು ಆ ಮಾತ್ರೆ: 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಊತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದವರಲ್ಲಿ ಒಂಬತ್ತು ತಿಂಗಳಿಗೆ ಶೇ 94ರಷ್ಟು ಮಂದಿ ಪೂರ್ತಿ ಚೇತರಿಸಿಕೊಂಡರು, ತೆಗೆದುಕೊಳ್ಳದವರಲ್ಲಿ ಶೇ 82.

ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ಇದೇ ಆದಾಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಆಯಿತು, ರಕ್ತಪರೀಕ್ಷೆ ಆಯಿತು. ರಾತ್ರಿ ಕಣ್ಣಿಗೆ ಮುಲಾಮು ಹಾಕಿ, ರೆಪ್ಪೆಗೆ ಟೇಪು ಹಚ್ಚಿ ಮಲಗಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಮುಚ್ಚದ ಕಣ್ಣು ಒಣಗಿ ಹುಣ್ಣಾಯಿತು. ವೈದ್ಯರ ಫೀಸಿಗೆ ಗೊಣಗುವ ನಾವು ಸ್ಕ್ಯಾನಿಗೆ ಸಾವಿರಗಟ್ಟಲೆ ತೆಪ್ಪಗೆ ಎಣಿಸುತ್ತೇವೆ. ಫಿಲ್ಮಿನ ದೊಡ್ಡ ಲಕೋಟೆ ಕೈಗೆ ಬಂದರೇ ಸಮಾಧಾನ. ಹನ್ನೆರಡು ಕಪಾಲ ನರಗಳ ಹೆಸರು ಉರುಹೊಡೆದು ಪಾಸಾದ ಹುಡುಗರೋ, ರೋಗಿಯ ನಾಲಿಗೆ ಚಾಚಿಸಿ ನೋಡುವುದಿಲ್ಲ. ನಾಲಿಗೆ ಆಡಿಸುವ ಹನ್ನೆರಡನೆಯ ನರ ಸೋತರೆ ಚಾಚಿದ ನಾಲಿಗೆ ಸೋತ ಬದಿಗೇ ವಾಲುತ್ತದೆ. ನೋಡಿದ್ದಕ್ಕೆ ಬಿಲ್ ಹಾಕಲು ಬರುವುದಿಲ್ಲವಲ್ಲ!

ಮಾವನವರ ಕಣ್ಣಿಗೆ ಟೇಪು ಹಚ್ಚುತ್ತಿದ್ದೀರಿ ತಾನೆ? ಮೂರು ವಾರವಾದರೂ ಗುಣ ಕಾಣದಿದ್ದರೆ ಅದೇ ವೈದ್ಯರ ಬಳಿ ಹೋಗಿ. ಆಗ ಅವರೇ ಸ್ಕ್ಯಾನ್ ಬರೆದಾರು.