ಹಣಕಾಸು ಪ್ರಶ್ನೋತ್ತರ: ಪಿ.ಜಿ. ವೈದ್ಯರಿಗೆ ಅಂಗವೈಕಲ್ಯ ವಿಮೆ

ಪ್ರಶ್ನೆ: ನಾನು ಕೋಲಾರದ ವೈದ್ಯಕೀಯ ಕಾಲೇಜೊಂದರಲ್ಲಿ ಎಲುಬು ಮತ್ತು ಕೀಲು ವಿಭಾಗದ ಪಿ.ಜಿ.ಗೆ ಈ ವರ್ಷ ಸೇರಿದ್ದೇನೆ. ತಿಂಗಳಿಗೆ 55 ಸಾವಿರ ರೂಪಾಯಿ ಸ್ಟೈಪೆಂಡ್ ಬರುತ್ತದೆ. ಚಿಂತಾಮಣಿಯ ಹತ್ತಿರದ ಹಳ್ಳಿಯಲ್ಲಿ ಅಪ್ಪ ಅಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ನನ್ನ ಓದಿಗೆ ಬ್ಯಾಂಕಿನಿಂದ ಪಡೆದ 12 ಲಕ್ಷ ರೂಪಾಯಿ ಸಾಲಕ್ಕೆ ಅಪ್ಪನೂ ಸಹಿ ಹಾಕಿದ್ದಾರೆ. ಅಮೆರಿಕದಲ್ಲಿ ರೆಸಿಡೆನ್ಸಿ (ಇಲ್ಲಿಯ ಪಿ.ಜಿ.ಯಂಥ ತರಬೇತಿ) ಮಾಡುತ್ತಿರುವ ದೊಡ್ಡಪ್ಪನ ಮಗ, ‘ಮೊದಲು ಡಿಸೆಬಿಲಿಟಿ ಇನ್ಶೂರೆನ್ಸ್ ಮಾಡಿಸು, ಓನ್ ಆಕ್ಯುಪೇಶನ್ ಇರುವುದನ್ನೇ ಕೇಳು’ ಎಂದು ಒತ್ತಾಯಿಸುತ್ತಾನೆ. ಇಲ್ಲಿಯ ಏಜೆಂಟರೊಬ್ಬರು ವರ್ಷಕ್ಕೆ 60 ಸಾವಿರದಂತೆ 20 ವರ್ಷ ಕಟ್ಟಿದರೆ ಕೊನೆಗೆ ಹಣ ಕೈಸೇರುವ ಪಾಲಿಸಿಯೊಂದನ್ನು ತೋರಿಸಿ, ಅಂಗವೈಕಲ್ಯದ ರಕ್ಷಣೆಯೂ ಅದರಲ್ಲೇ ಇದೆ ಎನ್ನುತ್ತಾರೆ. ಎಂ.ಬಿ.ಬಿ.ಎಸ್. ಓದುವಾಗ ಬೆನ್ನುನೋವಿಗೆ ಎಂ.ಆರ್.ಐ. ಮಾಡಿಸಿ ಫಿಸಿಯೋಥೆರಪಿ ಪಡೆದಿದ್ದೆ. ಅದನ್ನು ಅರ್ಜಿಯಲ್ಲಿ ಬರೆಯುವುದು ಬೇಡ ಎಂದೂ ಅವರು ಹೇಳಿದ್ದಾರೆ. ನಾನು ಯಾವುದನ್ನು ಆರಿಸಲಿ?
— ಹೆಸರು ಬೇಡ, ಕೋಲಾರ

ಉತ್ತರ: ನಿಮ್ಮ ಅಣ್ಣ ಹೇಳುತ್ತಿರುವುದು ಆತನಿರುವ ದೇಶಕ್ಕೆ ಸರಿಯಾದ ಮಾತು. ಅಲ್ಲಿ ಕಾಯಿಲೆಯಿಂದಲೋ ಅಪಘಾತದಿಂದಲೋ ವೈದ್ಯರೊಬ್ಬರು ತಮ್ಮ ವಿಭಾಗದ ಕೆಲಸವನ್ನೇ ಮಾಡಲಾಗದ ಸ್ಥಿತಿಗೆ ಬಂದರೆ, ಅವರು ಬೇರೆ ಉದ್ಯೋಗ ಹಿಡಿದು ಸಂಪಾದಿಸುತ್ತಿದ್ದರೂ ತಿಂಗಳು ತಿಂಗಳು ಹಣ ಕೊಡುವ ‘ಓನ್ ಆಕ್ಯುಪೇಶನ್’ ಪಾಲಿಸಿಗಳಿವೆ. ಮುಂದೆ ಸಂಬಳ ಹೆಚ್ಚಾದಾಗ ಹೊಸ ವೈದ್ಯಕೀಯ ತಪಾಸಣೆಯಿಲ್ಲದೆ ಮೊತ್ತವನ್ನು ಏರಿಸಿಕೊಳ್ಳುವ ಅವಕಾಶವೂ ಅವುಗಳಲ್ಲಿ ಸಿಗುವುದರಿಂದ ಅಲ್ಲಿಯ ರೆಸಿಡೆಂಟರು ಓದುವಾಗಲೇ ಅವನ್ನು ಕೊಳ್ಳುತ್ತಾರೆ. ನಮ್ಮಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರಾಟವಾಗುವುದು ಬೇರೆಯೇ ಸರಕು. ಅದರ ಹೆಸರು ವೈಯಕ್ತಿಕ ಅಪಘಾತ ವಿಮೆ. ಅದು ನಿಮ್ಮ ವೃತ್ತಿಗೆ ಬೆಲೆ ಕಟ್ಟುವುದಿಲ್ಲ, ದೇಹದ ಭಾಗಗಳಿಗೆ ಬೆಲೆ ಕಟ್ಟುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನ ಆಯ್ಕೆಗಳೆಲ್ಲ ಸುಲಭವಾಗುತ್ತವೆ.

ಪಾಲಿಸಿಯ ಪತ್ರ ತರಿಸಿಕೊಂಡು ‘ಶಾಶ್ವತ ಭಾಗಶಃ ಅಂಗವೈಕಲ್ಯ’ ಎಂಬ ಕೋಷ್ಟಕ ಇರುವ ಪುಟವನ್ನು ಮೊದಲು ತೆರೆಯಿರಿ. ಒಂದು ಕಣ್ಣು ಹೋದರೆ ವಿಮಾ ಮೊತ್ತದ ಶೇಕಡಾ 50, ತೋರುಬೆರಳು ಹೋದರೆ ಸಾಮಾನ್ಯವಾಗಿ ಶೇಕಡಾ 10, ಹೆಬ್ಬೆರಳಿಗೆ ಅದರ ಎರಡರಷ್ಟು ಅಥವಾ ತುಸು ಹೆಚ್ಚು ಎಂದು ಅಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ನೀವು 50 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದ್ದು ಬಲಗೈಯ ತೋರುಬೆರಳನ್ನು ಕಳೆದುಕೊಂಡಿರಿ ಎಂದುಕೊಳ್ಳೋಣ. ಬರುವುದು 5 ಲಕ್ಷ. ಕಂಪ್ಯೂಟರ್ ಮುಂದೆ ಕುಳಿತು ಕೆಲಸ ಮಾಡುವವರಿಗೂ ಅಷ್ಟೇ, ಮುರಿದ ಎಲುಬಿಗೆ ಪ್ಲೇಟು ಕೂರಿಸಿ ಸ್ಕ್ರೂ ಬಿಗಿಯಬೇಕಾದ ನಿಮಗೂ ಅಷ್ಟೇ. ಇನ್ನೂ ಗಮನಿಸಬೇಕಾದದ್ದೆಂದರೆ, ಬೆರಳು ಉಳಿದು, ಸ್ನಾಯುರಜ್ಜು ಸರಿಯಾಗಿ ಕೂಡದೆ ಅರ್ಧದಷ್ಟು ಮಾತ್ರ ಮಡಚುವಂತಾದರೆ ನಿಮ್ಮ ಶಸ್ತ್ರಚಿಕಿತ್ಸೆಯ ಬದುಕು ಅಲ್ಲಿಗೆ ನಿಲ್ಲಬಹುದು. ಆದರೆ ಅನೇಕ ಪಾಲಿಸಿಗಳು ಅಂಗವೇ ತುಂಡಾಗಿರಬೇಕು ಅಥವಾ ಅದರ ಉಪಯೋಗ ಪೂರ್ತಿಯಾಗಿ, ಮತ್ತೆ ಬಾರದಂತೆ ಹೋಗಿರಬೇಕು ಎನ್ನುವುದರಿಂದ ಅಂಥ ಗಾಯಕ್ಕೆ ಏನೂ ಸಿಗದೆ ಹೋಗಬಹುದು. ಕೈಚಳಕವನ್ನೇ ನಂಬಿ ಬದುಕುವವರಿಗೆ ಇದು ನಿಜವಾದ ಅನ್ಯಾಯವೆಂದು ನನ್ನ ಅಭಿಪ್ರಾಯ. ಸಾವಿರಾರು ವೈದ್ಯರನ್ನು ಸದಸ್ಯರನ್ನಾಗಿ ಹೊಂದಿರುವ ಸಂಘಗಳು ಒಟ್ಟಾಗಿ ವಿಮಾ ಕಂಪನಿಗಳ ಮುಂದೆ ಇದನ್ನು ಇಡಬೇಕು. ಒಬ್ಬೊಬ್ಬರೇ ಕೇಳಿ ಆಗುವ ಕೆಲಸ ಇದಲ್ಲ.

ಹಾಗೆಂದು ಅಪಘಾತ ವಿಮೆ ಬೇಡವೆಂದಲ್ಲ. ನೀವು ಮೊದಲು ಮಾಡಿಸಬೇಕಾದದ್ದೇ ಅದು. ವೈದ್ಯರು, ವಕೀಲರು, ಶಿಕ್ಷಕರು ಕಡಿಮೆ ಅಪಾಯದ ಮೊದಲ ವರ್ಗಕ್ಕೆ ಸೇರುವುದರಿಂದ ಪ್ರೀಮಿಯಂ ಹೊರೆಯಾಗುವುದಿಲ್ಲ, ಮತ್ತು ಇದರಲ್ಲಿ ವಯಸ್ಸಿಗಿಂತ ಉದ್ಯೋಗಕ್ಕೇ ಹೆಚ್ಚು ತೂಕ. ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಬಗೆಯ ಷರತ್ತುಗಳಲ್ಲಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್‌ನಿಂದ ಜಾರಿಗೆ ತಂದಿರುವ ‘ಸರಳ ಸುರಕ್ಷಾ ಬಿಮಾ’ 2.5 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ಸಿಗುತ್ತದೆ. ಷರತ್ತು ಒಂದೇ ಆಗಿರುವ ಕಾರಣ ನೀವು ಹೋಲಿಸಬೇಕಾದದ್ದು ಪ್ರೀಮಿಯಂ ಮತ್ತು ಕ್ಲೇಮ್ ಇತ್ಯರ್ಥದ ದಾಖಲೆಯನ್ನು ಮಾತ್ರ. ಕಂಪನಿಗಳು ಸಾಮಾನ್ಯವಾಗಿ ವಾರ್ಷಿಕ ಆದಾಯದ ಹತ್ತು ಪಟ್ಟಿನ ಆಸುಪಾಸಿನವರೆಗೆ ಮೊತ್ತ ಕೊಡುತ್ತವೆ. ನಿಮ್ಮ ಸ್ಟೈಪೆಂಡ್ ವರ್ಷಕ್ಕೆ 6.6 ಲಕ್ಷವಾಗುವುದರಿಂದ 50 ಲಕ್ಷ ಕೇಳುವುದು ಅತಿಯಲ್ಲ. ಸಾವು ಮತ್ತು ಶಾಶ್ವತ ಅಂಗವೈಕಲ್ಯದ ಜೊತೆಗೆ, ತಾತ್ಕಾಲಿಕವಾಗಿ ಕೆಲಸ ಮಾಡಲಾಗದ ವಾರಗಳಿಗೆ ವಾರದ ಲೆಕ್ಕದಲ್ಲಿ ಹಣ ಕೊಡುವ ಸೌಲಭ್ಯವನ್ನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಳ್ಳಿ. ಸರಳ ಸುರಕ್ಷಾದಲ್ಲಿ ಇದು ಐಚ್ಛಿಕವಾದ್ದರಿಂದ, ಕೇಳದಿದ್ದರೆ ಸಿಗುವುದಿಲ್ಲ. ಓದು ಮುಗಿದು ಸಂಪಾದನೆ ಬೆಳೆದ ವರ್ಷ ಮೊತ್ತವನ್ನು ಏರಿಸಿ.

ಕಾಯಿಲೆಯ ವಿಷಯ ಇದಕ್ಕಿಂತ ಕಠಿಣ. ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೆರೋಸಿಸ್, ಕ್ಯಾನ್ಸರ್ ಮುಂತಾದವುಗಳಿಂದ ದುಡಿಯುವ ಶಕ್ತಿ ಹೋದರೆ ಅಪಘಾತ ವಿಮೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅದಕ್ಕೆ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇಕು. ಪಟ್ಟಿಯಲ್ಲಿರುವ ಕಾಯಿಲೆ ಪಾಲಿಸಿಯ ವ್ಯಾಖ್ಯೆಗೆ ಹೊಂದುವಂತೆ ಪತ್ತೆಯಾದರೆ ಇಡೀ ಮೊತ್ತವನ್ನು ಒಂದೇ ಕಂತಿನಲ್ಲಿ ಕೊಡುತ್ತಾರೆ. ಸಾಮಾನ್ಯವಾಗಿ ಮೊದಲ 90 ದಿನ ರಕ್ಷಣೆ ಇರುವುದಿಲ್ಲ, ಪತ್ತೆಯಾದ ಬಳಿಕ ಇಂತಿಷ್ಟು ದಿನ ಬದುಕಿರಬೇಕೆಂಬ ಷರತ್ತೂ ಇರುತ್ತದೆ. ಇಲ್ಲಿ ವಯಸ್ಸು ಮತ್ತು ಆರೋಗ್ಯ ಎರಡೂ ಪ್ರೀಮಿಯಂ ನಿರ್ಧರಿಸುವುದರಿಂದ ಈಗಲೇ ಮಾಡಿಸುವುದರಲ್ಲಿ ಲಾಭವಿದೆ. 15ರಿಂದ 20 ಲಕ್ಷದಷ್ಟಾದರೂ ಇರಲಿ; ಸಾಲ ತೀರಿಸಿ ಮನೆಯವರು ಉಸಿರಾಡುವಷ್ಟು ಹಣ ಅದು. ಆದರೆ ಡಿಸ್ಕ್ ಜಾರುವುದು, ಕೀಲುವಾತ, ಖಿನ್ನತೆ ಇವು ಆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗಂಟೆಗಟ್ಟಲೆ ಸೀಸದ ಏಪ್ರನ್ ತೊಟ್ಟು ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಎದುರು ನಿಲ್ಲುವ ನಿಮ್ಮ ವಿಭಾಗದವರಿಗೆ ಬೆನ್ನಿನ ತೊಂದರೆಯೇ ದೊಡ್ಡ ಅಪಾಯವಾಗಿದ್ದು, ಅದನ್ನು ತುಂಬಿಕೊಡುವ ಪಾಲಿಸಿ ಇಲ್ಲದಿರುವುದರಿಂದ, ಆರು ತಿಂಗಳ ಖರ್ಚು ಮತ್ತು ಸಾಲದ ಕಂತಿನಷ್ಟು ಹಣವನ್ನು ಬ್ಯಾಂಕಿನಲ್ಲಿ ಆರ್.ಡಿ. ಕಟ್ಟಿಯಾದರೂ ಕೂಡಿಡಬೇಕು.

ಏಜೆಂಟರು ತೋರಿಸಿದ ಪಾಲಿಸಿಯನ್ನು ನೀವು ಕೊಳ್ಳಬಾರದು. ತಿಂಗಳಿಗೆ 5 ಸಾವಿರದಂತೆ ಕಟ್ಟಿದರೂ ಅಂಥ ಉಳಿತಾಯದ ಪಾಲಿಸಿಯ ವಿಮಾ ಮೊತ್ತ ಸಾಮಾನ್ಯವಾಗಿ ಹತ್ತು ಹನ್ನೆರಡು ಲಕ್ಷದ ಹತ್ತಿರ ನಿಲ್ಲುತ್ತದೆ, ಮತ್ತು ಅದಕ್ಕೆ ಜೋಡಿಸುವ ಅಂಗವೈಕಲ್ಯದ ರೈಡರ್ (ಹೆಚ್ಚುವರಿ ರಕ್ಷಣೆ) ಆ ಮೂಲ ಮೊತ್ತವನ್ನು ಮೀರುವಂತಿಲ್ಲ. ಎಂದರೆ ಅದು ನಿಮ್ಮ ಸಾಲಕ್ಕೇ ಸರಿಹೋಗುತ್ತದೆ. ಅಪ್ಪನ ಮೇಲೆ ಸಾಲ ಬೀಳದಂತೆ ನೋಡಿಕೊಳ್ಳುವುದೇ ಉದ್ದೇಶವಾದರೆ ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ, ಕೊನೆಗೆ ಏನೂ ವಾಪಸ್ ಬರದ ಶುದ್ಧ ಟರ್ಮ್ ಪಾಲಿಸಿ ಮಾಡಿಸಿ, ಅಪಘಾತದಿಂದ ಶಾಶ್ವತ ಅಂಗವೈಕಲ್ಯ ಉಂಟಾದರೆ ಮುಂದಿನ ಪ್ರೀಮಿಯಂ ಮನ್ನಾ ಆಗುವ ರೈಡರನ್ನು ಅದಕ್ಕೆ ಸೇರಿಸಿಕೊಳ್ಳಿ. ಈಗಾಗಲೇ ಮೊದಲ ಕಂತು ಕಟ್ಟಿಬಿಟ್ಟಿದ್ದರೆ, ಪಾಲಿಸಿ ಪತ್ರ ಕೈಸೇರಿದ 30 ದಿನದೊಳಗೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಅಲ್ಪಸ್ವಲ್ಪ ಖರ್ಚು ಕಳೆದು ಉಳಿದ ಹಣ ಬರುತ್ತದೆ.

ಬೆನ್ನುನೋವು, ಎಂ.ಆರ್.ಐ., ಫಿಸಿಯೋಥೆರಪಿ ಎಲ್ಲವನ್ನೂ ಅರ್ಜಿಯಲ್ಲಿ ಬರೆಯಿರಿ. ಕಂಪನಿ ಹೆಚ್ಚು ಪ್ರೀಮಿಯಂ ಕೇಳಬಹುದು ಅಥವಾ ಬೆನ್ನಿಗೆ ಸಂಬಂಧಿಸಿದ್ದನ್ನು ಹೊರಗಿಡಬಹುದು. ಅದು ನಿಮಗೆ ಮೊದಲೇ ತಿಳಿಯುತ್ತದೆ. ಮುಚ್ಚಿಟ್ಟರೆ ತಿಳಿಯುವುದು ಕ್ಲೇಮ್ ಹಾಕಿದ ಮೇಲೆ. ಜೀವವಿಮೆಯಲ್ಲಿ ಮೊದಲ ಮೂರು ವರ್ಷ, ಆರೋಗ್ಯ ವಿಮೆಯಲ್ಲಿ ಮೊದಲ 60 ತಿಂಗಳು ಕಂಪನಿಗೆ ಹಳೆಯ ಮಾಹಿತಿಯನ್ನು ಕೆದಕುವ ಅಧಿಕಾರವಿದೆ, ಮತ್ತು ವೈದ್ಯರೊಬ್ಬರು ‘ನನಗೆ ಇದರ ಮಹತ್ವ ಗೊತ್ತಿರಲಿಲ್ಲ’ ಎಂದರೆ ಯಾರೂ ಒಪ್ಪುವುದಿಲ್ಲ. ಅರ್ಜಿಯನ್ನು ಏಜೆಂಟರ ಕೈಗೆ ಕೊಡದೆ ನೀವೇ ತುಂಬಿ, ಅದರ ಪ್ರತಿಯೊಂದನ್ನು ಇಟ್ಟುಕೊಳ್ಳಿ.

ನೀವು ಕೇಳದಿದ್ದರೂ ಒಂದು ವಿಷಯವನ್ನು ಹೇಳಲೇಬೇಕು. ಕೋಲಾರದಿಂದ ಚಿಂತಾಮಣಿಗೆ ಊರಿನ ಸ್ಕೂಟರಿನಲ್ಲಿ ಓಡಾಡುವುದಿದ್ದರೆ ಅದರ ಆರ್.ಸಿ. ಯಾರ ಹೆಸರಿನಲ್ಲಿದೆ ಎಂದು ನೋಡಿ. ವಾಹನ ವಿಮೆಯ ಜೊತೆ ಕಡ್ಡಾಯವಾಗಿ ಬರುವ 15 ಲಕ್ಷದ ಅಪಘಾತ ರಕ್ಷಣೆ, ಚಾಲನಾ ಪರವಾನಗಿ ಇರುವ ಮಾಲೀಕರು ತಾವೇ ಓಡಿಸುವಾಗ ಮಾತ್ರ ಅನ್ವಯಿಸುತ್ತದೆ. ಅಪ್ಪನ ಹೆಸರಿನ ಗಾಡಿಯನ್ನು ನೀವು ಓಡಿಸಿದರೆ ಅದು ನಿಮಗಿಲ್ಲ. ಇನ್ನೊಂದು ವಾಹನದವರ ತಪ್ಪಿನಿಂದ ಗಾಯವಾದರೆ ಮಾತ್ರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿ ತೆರೆದಿರುತ್ತದೆ. ಅಲ್ಲಿ ಲೆಕ್ಕ ವಿಮಾ ಕೋಷ್ಟಕದಂತೆ ನಡೆಯುವುದಿಲ್ಲ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಹಕ್ಕೆ ಶೇಕಡಾ ಎಷ್ಟು ಊನವಾಯಿತೆಂಬುದಕ್ಕಿಂತ ಆ ವ್ಯಕ್ತಿ ಮಾಡುತ್ತಿದ್ದ ಕೆಲಸದ ಗಳಿಕೆಗೆ ಎಷ್ಟು ಪೆಟ್ಟು ಬಿತ್ತೆಂಬುದನ್ನು ನೋಡಬೇಕೆಂದು ಸ್ಪಷ್ಟಪಡಿಸಿದೆ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ನಷ್ಟ, ಅದೇ ಗಾಯವಾದ ಗುಮಾಸ್ತರ ನಷ್ಟದಂತಲ್ಲ ಎಂಬುದು ಅದರ ವಿವರಣೆ.

ಇನ್ನು ಕಾಲೇಜು ಗುಂಪು ಅಪಘಾತ ವಿಮೆ ಮಾಡಿಸಿದ್ದರೆ ಅದರ ಮೊತ್ತವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೋರ್ಸು ಮುಗಿದ ದಿನ ಅದೂ ಮುಗಿಯುವುದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ನಿಮಗೆ ಅನ್ವಯಿಸುವುದಿಲ್ಲ, ಅದರ ವೇತನ ಮಿತಿ ತಿಂಗಳಿಗೆ 21 ಸಾವಿರ. ಮುಂದೆ ಸರ್ಕಾರಿ ಸೇವೆಗೆ ಸೇರಿದರೆ ಮಾತ್ರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎಂಬ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ರಕ್ಷಣೆ ನಿಮಗೆ ದೊರೆಯುತ್ತದೆ.

ಪ್ರಶ್ನೆ: ನನ್ನ ಮಗ ಜನರಲ್ ಸರ್ಜರಿಯ ಪಿ.ಜಿ. ಮಾಡುತ್ತಿದ್ದಾನೆ. ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಇದೆ, ಬ್ಯಾಂಕಿನಲ್ಲಿ 20 ರೂಪಾಯಿಯ ಅಪಘಾತ ವಿಮೆಯೂ ಇದೆ, ಮತ್ತೇನೂ ಬೇಡ ಎನ್ನುತ್ತಾನೆ. ಇದು ಸಾಕೇ?
— ಒಬ್ಬ ತಂದೆ, ತುಮಕೂರು

ಉತ್ತರ: ಸಾಲದು. ಇಂಡೆಮ್ನಿಟಿ ಪಾಲಿಸಿ ಇರುವುದು ಚಿಕಿತ್ಸೆಯಲ್ಲಿ ಲೋಪವಾಯಿತೆಂದು ರೋಗಿಯ ಕಡೆಯವರು ಪರಿಹಾರ ಕೇಳಿದಾಗ ನಿಮ್ಮ ಮಗನ ಪರವಾಗಿ ಅದನ್ನು ಭರಿಸುವುದಕ್ಕೆ. ನಿಮ್ಮ ಮಗನಿಗೇ ಗಾಯವಾದರೆ ಅದರಿಂದ ಏನೂ ಬರುವುದಿಲ್ಲ. ಬ್ಯಾಂಕಿನ ಆ 20 ರೂಪಾಯಿಯ ವಿಮೆಯನ್ನು, ಎಂದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು, ಖಂಡಿತ ಮುಂದುವರಿಸಲಿ. ಆದರೆ ಅದು ಸಾವಿಗೆ ಅಥವಾ ಎರಡೂ ಕಣ್ಣು, ಎರಡೂ ಕೈಕಾಲುಗಳಂಥ ಪೂರ್ಣ ನಷ್ಟಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಕಾಲಿನ ನಷ್ಟಕ್ಕೆ 1 ಲಕ್ಷ ಕೊಡುತ್ತದೆ, ಬೆರಳುಗಳಿಗೆ ಏನೂ ಇಲ್ಲ. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೂ ಒಂದರ ಮೂಲಕವಷ್ಟೇ ಸೇರಬಹುದು. ಪ್ರತಿವರ್ಷ ಜೂನ್ 1ರಿಂದ ಹೊಸ ಅವಧಿ ಆರಂಭವಾಗುವುದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳಲಿ.

ಪ್ರಶ್ನೆ: ಬೈಕ್ ಅಪಘಾತದಲ್ಲಿ ನನ್ನ ಬಲ ಮಣಿಕಟ್ಟು ಮುರಿಯಿತು. ಹತ್ತು ವಾರ ಕೆಲಸಕ್ಕೆ ಅಸಮರ್ಥ ಎಂದು ವೈದ್ಯರ ಪ್ರಮಾಣಪತ್ರವಿದ್ದರೂ ವಿಮಾ ಕಂಪನಿ ಆರು ವಾರಕ್ಕೆ ಮಾತ್ರ ಹಣ ಕೊಟ್ಟಿದೆ. ಏಳನೆಯ ವಾರದಿಂದ ನಾನು ಸೆಮಿನಾರ್‌ಗಳಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದೆ ಎಂಬುದು ಅವರ ಆಕ್ಷೇಪ. ಕೈಯಲ್ಲಿ ಬಲವಿಲ್ಲದೆ ವಾರ್ಡ್ ಕೆಲಸವನ್ನಾಗಲಿ, ಆಪರೇಷನ್ ಥಿಯೇಟರ್ ಕೆಲಸವನ್ನಾಗಲಿ ನಾನು ಮಾಡಿಲ್ಲ.
— ಪಿ.ಜಿ. ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಪಾಲಿಸಿಯಲ್ಲಿ ‘ಯಾವುದೇ ಉದ್ಯೋಗ ಮಾಡಲಾಗದ’ ಎಂದಿದೆಯೋ ‘ತನ್ನ ಸಾಮಾನ್ಯ ಉದ್ಯೋಗ ಮಾಡಲಾಗದ’ ಎಂದಿದೆಯೋ ನೋಡಿ. ಮೊದಲನೆಯದಾದರೆ ಕಂಪನಿಯ ವಾದಕ್ಕೆ ಸ್ವಲ್ಪ ಬಲವಿದೆ. ಎರಡನೆಯದಾದರೆ, ಕುಳಿತು ಸೆಮಿನಾರ್ ಕೇಳುವುದು ನಿಮ್ಮ ಉದ್ಯೋಗ ಮಾಡಿದಂತಲ್ಲ ಎಂದು ದೃಢವಾಗಿ ವಾದಿಸಬಹುದು. ಆ ನಾಲ್ಕು ವಾರ ನಿಮಗೆ ವಾರ್ಡ್, ಥಿಯೇಟರ್, ರಾತ್ರಿ ಡ್ಯೂಟಿಗಳನ್ನು ಹಾಕಿರಲಿಲ್ಲವೆಂದು ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು, ಡ್ಯೂಟಿ ಪಟ್ಟಿಯ ಪ್ರತಿ ಮತ್ತು ಕೈಯ ಹಿಡಿತದ ಬಲವನ್ನು ದಾಖಲಿಸಿರುವ ಫಿಸಿಯೋಥೆರಪಿ ಟಿಪ್ಪಣಿಗಳೊಂದಿಗೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅವರು ಇತ್ಯರ್ಥ ಮಾಡುತ್ತಾರೆ, ಮತ್ತು ಅವರು ನೀಡುವ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು.