ಅಜ್ಜನ ಫೋಟೋ ಎಷ್ಟು ಎತ್ತರಕ್ಕೆ?

ಪ್ರಶ್ನೆ: ಸರ್, ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆ ಮನೆ ಮಾರಿದೆವು. ಜಗಲಿಯಲ್ಲಿದ್ದ 14 ಫೋಟೋಗಳನ್ನು ಬೆಂಗಳೂರಿನ ಫ್ಲ್ಯಾಟಿಗೆ ತಂದಿದ್ದೇನೆ. ಅಜ್ಜ, ಅಜ್ಜಿ, ಅಪ್ಪನ ಮದುವೆಯ ಗುಂಪು ಫೋಟೋ, ರವಿವರ್ಮನ ಕಾಲದ್ದು ಅನ್ನುವ ಒಂದು ಸರಸ್ವತಿ ಪಟ, ಹೀಗೆ. ಹಾಲ್‌ನಲ್ಲಿ ಸಿಗುವುದು ಒಂದೇ ಗೋಡೆ, 10 ಅಡಿ ಉದ್ದ. ಹಳೆ ಮನೆಯಲ್ಲಿದ್ದ ಹಾಗೇ ಬಾಗಿಲಿನ ಮೇಲ್ಮಟ್ಟಕ್ಕೆ ಸಾಲಾಗಿ ಹಾಕಿಸಿದೆ. ಯಾಕೋ ಸರಿ ಕಾಣುತ್ತಿಲ್ಲ. ಅರ್ಧ ತೆಗೆದುಬಿಡಮ್ಮ ಅನ್ನುತ್ತಾಳೆ ಮಗಳು. ಏನು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತೆಗೆಯಬೇಡಿ ತಾಯಿ. ಮೊದಲು ಕೆಳಗಿಳಿಸಿ.

ಮೈಸೂರಿನಲ್ಲಿ 32 ವರ್ಷ ಫೋಟೋಗಳಿಗೆ ಕಟ್ಟು ಹಾಕಿದ್ದೇನೆ. ಹಳೆ ಮನೆಯಿಂದ ಹೊಸ ಮನೆಗೆ ಬಂದವರೆಲ್ಲ ಹೇಳುವ ಮಾತು ಇದೇ, ‘ಅಲ್ಲಿ ಚೆನ್ನಾಗಿತ್ತು, ಇಲ್ಲಿ ಯಾಕೋ ಇಲ್ಲ.’ ನಿಮ್ಮ ಜಗಲಿಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಅಲ್ಲಿ ಫೋಟೋ ಗೋಡೆಗೆ ಅಂಟಿಕೊಂಡಿರುತ್ತಿರಲಿಲ್ಲ, ಅಲ್ವಾ? ಕೆಳಗಿನ ಅಂಚು ಗೋಡೆಗೆ ಒರಗಿರುತ್ತಿತ್ತು. ಮೇಲಿನ ಅಂಚು ಹುರಿಯ ಮೇಲೆ ಮುಂದಕ್ಕೆ ಬಾಗಿರುತ್ತಿತ್ತು. ಚಾಪೆ ಮೇಲೆ ಕೂತವರ ಕಡೆಗೆ ಅಜ್ಜ ತಲೆ ಬಗ್ಗಿಸಿ ನೋಡಿದ ಹಾಗೆ. ಅಷ್ಟು ಬಾಗಿಸಿದರೆ ಗಾಜಿನ ಮೇಲಿನ ಹೊಳಪೂ ಕಡಿಮೆಯಾಗುತ್ತದೆ. ಹೊಸ ಮನೆಯಲ್ಲಿ ಅದೇ ಎತ್ತರ ಇಟ್ಟುಕೊಂಡಿರಿ, ಆ ಬಾಗು ಹೋಯಿತು. ಈಗಿನ ಕೊಂಡಿಗೆ ಫೋಟೋ ನೆಟ್ಟಗೆ ಕೂರುತ್ತದೆ. 7 ಅಡಿ ಎತ್ತರದಲ್ಲಿ ನೆಟ್ಟಗಿರುವ ಗಾಜಿನಲ್ಲಿ ಕಾಣುವುದು ಟ್ಯೂಬ್‌ಲೈಟು. ಅಜ್ಜನ ಮುಖ ಅಲ್ಲ.

ಫೋಟೋದ ನಡುಮಧ್ಯ ನೆಲದಿಂದ 57 ಇಂಚಿಗೆ ಬರಲಿ. ನಿಂತವರ ಕಣ್ಣಿನ ಮಟ್ಟ ಹೆಚ್ಚುಕಡಿಮೆ ಅದು. ನಿಮ್ಮ ಮನೆಯಲ್ಲಿ ಎಲ್ಲರೂ ಸೋಫಾದಲ್ಲಿ ಕೂತೇ ನೋಡುವುದಾದರೆ ಇನ್ನೂ 3 ಇಂಚು ಇಳಿಸಿ. ಮೊಳೆ ಎಲ್ಲಿಗೆ ಬರಬೇಕು ಅನ್ನುವಲ್ಲಿ ಲೆಕ್ಕ ತಪ್ಪುವವರು ಜಾಸ್ತಿ. ಫೋಟೋ 20 ಇಂಚು ಎತ್ತರ ಇದೆ ಅಂದುಕೊಳ್ಳಿ. ಅದರಲ್ಲಿ ಅರ್ಧ, 10 ಇಂಚನ್ನು 57ಕ್ಕೆ ಕೂಡಿಸಿ. ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದರೆ ಅದು ಕಟ್ಟಿನ ಮೇಲಂಚಿಗಿಂತ 3 ಇಂಚು ಕೆಳಗೆ ನಿಲ್ಲುತ್ತದೆ ಅನ್ನಿ. ಆ 3 ಕಳೆಯಿರಿ. ಮೊಳೆ 64 ಇಂಚಿಗೆ.

ಈಗ ಹದಿನಾಲ್ಕನ್ನೂ ಒಂದೇ ಸಾಲಿನಲ್ಲಿ ಹಾಕುವ ಯೋಚನೆ ಬಿಡಿ. ಒಂದು ಮಧ್ಯಾಹ್ನ ಹಾಲ್‌ನ ನೆಲ ಖಾಲಿ ಮಾಡಿ, ಚಾಪೆ ಹಾಸಿ, ಎಲ್ಲವನ್ನೂ ಹರಡಿ. ಮಗಳನ್ನೂ ಕೂರಿಸಿಕೊಳ್ಳಿ. ಮದುವೆಯ ಗುಂಪು ಫೋಟೋ ಎಲ್ಲಕ್ಕಿಂತ ದೊಡ್ಡದಿರಬೇಕು, ಅದನ್ನು ನಡುವೆ ಇಡಿ. ಸರಿಯಾಗಿ ನಡುವೆ ಬೇಡ, ಒಂದು ಗೇಣು ಎಡಕ್ಕೆ ಸರಿದರೆ ಚೆಂದ. ಅದರ ಸುತ್ತ ಉಳಿದವು ಬರಲಿ. ಕಟ್ಟಿನಿಂದ ಕಟ್ಟಿಗೆ 2 ಇಂಚು ಸಾಕು. ಜಾಸ್ತಿ ಬಿಟ್ಟರೆ ಒಂದೊಂದೂ ಬೇರೆ ಬೇರೆ ಊರಿನವರಂತೆ ಕಾಣುತ್ತವೆ. ಇಡೀ ಗುಂಪನ್ನು ಒಂದೇ ಫೋಟೋ ಅಂದುಕೊಂಡು ಅದರ ನಡುವನ್ನು 57 ಇಂಚಿಗೆ ತನ್ನಿ. ಕೆಳಗೆ ಸೋಫಾ ಇದ್ದರೆ ಒರಗುವ ಹಲಗೆಯಿಂದ 6 ಇಂಚಾದರೂ ಮೇಲಿರಲಿ. ಇಲ್ಲದಿದ್ದರೆ ತಲೆ ತಾಗುತ್ತದೆ, ಎಣ್ಣೆಯ ಕಲೆ ಕೂರುತ್ತದೆ.

ನೆಲದ ಮೇಲೆ ಮನಸ್ಸಿಗೆ ಒಪ್ಪಿದ ಮೇಲೆ ಪ್ರತಿ ಫೋಟೋದ ಅಳತೆಗೆ ಹಳೆ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ. ಎರಡು ದಿನ ಹಾಗೇ ಬಿಡಿ. ಓಡಾಡುತ್ತಾ ನೋಡಿ. ಪೇಪರ್ ಸರಿಸುವುದು ಸುಲಭ, ಗೋಡೆಯ ತೂತು ಮುಚ್ಚುವುದು ಕಷ್ಟ. ಆಮೇಲೆ ಪೇಪರ್ ಮೇಲೇ ಗುರುತು ಹಾಕಿ ಡ್ರಿಲ್ ಮಾಡಿಸಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ಎಲ್ಲೂ ಡ್ರಿಲ್ ಬೇಡ, ಒಳಗೆ ವೈರು ಹೋಗಿರುತ್ತದೆ. ದೊಡ್ಡದಕ್ಕೆ ಎರಡು ಸ್ಕ್ರೂ ಹಾಕಿಸಿ. ಒಂದೇ ಇದ್ದರೆ ಬಾಗಿಲು ಬಡಿದಾಗಲೆಲ್ಲ ಫೋಟೋ ಓರೆಯಾಗುತ್ತದೆ. ಡ್ರಿಲ್ ಮಾಡುವವರ ಹತ್ತಿರ ಮಟ್ಟ ಸರಿಯಿದೆಯೇ ನೋಡುವ ರಸಮಟ್ಟ ಇದೆಯೋ ಕೇಳಿಕೊಳ್ಳಿ.

ಸರಸ್ವತಿ ಪಟವನ್ನು ಈ ಗುಂಪಿಗೆ ಸೇರಿಸಬೇಡಿ. ದೇವರನ್ನೂ ತೀರಿಕೊಂಡ ಹಿರಿಯರನ್ನೂ ಜೊತೆಗೆ ಹಾಕುವುದಿಲ್ಲ ಅನ್ನುವ ಪದ್ಧತಿ ಬಹಳ ಮನೆಗಳಲ್ಲಿದೆ. ನನಗೆ ಇನ್ನೊಂದು ಕಾರಣವೂ ಇದೆ. ಆ ಪಟಕ್ಕೆ ತಾನೇ ಒಂದು ಜಾಗ ಬೇಕು. ರವಿವರ್ಮರ ಮುದ್ರಣಾಲಯ 1894ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಅರಮನೆಯವರಷ್ಟೇ ನೋಡುತ್ತಿದ್ದ ಚಿತ್ರಗಳು ಕಲ್ಲಚ್ಚಿನಲ್ಲಿ ಮನೆಮನೆಗೆ ಬಂದದ್ದು ಹಾಗೆ. ಪಟದ ಕೆಳಗಿನ ಬಿಳಿ ಅಂಚಿನಲ್ಲಿ ಮುದ್ರಣಾಲಯದ ಹೆಸರು ಇದೆಯೇ ನೋಡಿ. ಹೊಸ ಕಟ್ಟು ಹಾಕಿಸುವಾಗ ಆ ಅಂಚನ್ನು ಕತ್ತರಿಸಬೇಡಿ ಎಂದು ಮೊದಲೇ ಹೇಳಿ. ಅಳತೆಗೆ ಕೂರಲಿ ಅಂತ ನಮ್ಮ ಕಸುಬಿನವರು ಎಷ್ಟೋ ಪಟಗಳ ಅಂಚು ಕತ್ತರಿಸಿದ್ದಾರೆ, ನನಗೆ ಅದು ಇವತ್ತಿಗೂ ಸಂಕಟ. ಸೀರೆಗೆ ಜರಿ, ಮಿಂಚು ಅಂಟಿಸಿದ ಪಟವಾದರೆ ಗಾಜು ಅದಕ್ಕೆ ತಾಗದ ಹಾಗೆ ಆಳದ ಕಟ್ಟು ಬೇಕು. ಬಿಸಿಲು ನೇರವಾಗಿ ಬೀಳದ ಗೋಡೆ ನೋಡಿ ಹಾಕಿ. ಮಗಳು ಓದುವ ಮೇಜಿನ ಪಕ್ಕ ಆಗಬಹುದಲ್ಲ?

ಪ್ರಶ್ನೆ: ಬಾಡಿಗೆ ಮನೆ. ಓನರ್ ಒಂದು ಮೊಳೆಗೂ ಬಿಡುವುದಿಲ್ಲ. ಅಂಟಿನ ಕೊಂಡಿ ನಂಬಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗಾಜಿಲ್ಲದ ಹಗುರ ಫೋಟೋಗೆ ನಂಬಬಹುದು. ಸುಣ್ಣ, ಡಿಸ್ಟೆಂಪರ್ ಹೊಡೆದ ಗೋಡೆಯಲ್ಲಿ ಬೇಡ, ಬಣ್ಣದ ಪದರವನ್ನೇ ಕಿತ್ತುಕೊಂಡು ಬೀಳುತ್ತದೆ. ಗಾಜಿನ ಫೋಟೋಗಳನ್ನು ಪುಸ್ತಕದ ಶೆಲ್ಫ್ ಮೇಲೆ, ಟಿವಿ ಮೇಜಿನ ಮೇಲೆ ಗೋಡೆಗೆ ಒರಗಿಸಿಡಿ. ಕೆಳಗೆ ಜಾರದ ಹಾಗೆ ರಬ್ಬರ್ ಮ್ಯಾಟಿನ ಚೂರು ಹಾಕಿ. ದೊಡ್ಡದು ಹಿಂದೆ, ಸಣ್ಣದು ಮುಂದೆ ಇಟ್ಟರೆ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ನಮ್ಮ ಅಮ್ಮನ ಕಪ್ಪುಬಿಳುಪು ಫೋಟೋ ಕಟ್ಟಿನೊಳಗೇ ಗಾಜಿಗೆ ಅಂಟಿಕೊಂಡಿದೆ. ಬಿಡಿಸುವುದು ಹೇಗೆ?
— ಓದುಗರೊಬ್ಬರು, ಶಿರಸಿ

ಉತ್ತರ: ಬಿಡಿಸಲು ಹೋಗಬೇಡಿ. ಹಳೆ ಸ್ಟುಡಿಯೋ ಫೋಟೋಗಳ ಮೇಲ್ಪದರ ಜೆಲಟಿನ್. ಮಳೆಗಾಲದ ಥಂಡಿಗೆ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಅಂಗಡಿ ಹಿಡಿದ ಹೊಸತರಲ್ಲಿ ಒಬ್ಬರು ಇಂಥದ್ದೇ ತಂದಿದ್ದರು, ತೀರಿಕೊಂಡ ತಮ್ಮನದು. ಮೂಲೆ ಸಲೀಸಾಗಿ ಬಂತು ಅಂತ ನಾನು ಮೆಲ್ಲಗೆ ಎಳೆದೆ. ಕೆನ್ನೆ, ಒಂದು ಕಣ್ಣು ಗಾಜಿನ ಮೇಲೇ ಉಳಿದವು. ಮನೆಯಲ್ಲಿ ಆ ಹುಡುಗನ ಬೇರೆ ಫೋಟೋ ಇರಲಿಲ್ಲ. ಅವರು ನನಗೆ ಏನೂ ಅನ್ನಲಿಲ್ಲ, ಎರಡನ್ನೂ ಪೇಪರಿನಲ್ಲಿ ಸುತ್ತಿಕೊಂಡು ಹೋದರು.

ನೀವು ಹೀಗೆ ಮಾಡಿ. ಹಿಂದಿನ ರಟ್ಟು ತೆಗೆದು, ಗಾಜು ಮತ್ತು ಫೋಟೋ ಒಟ್ಟಿಗೆ ಹೊರಗೆ ತೆಗೆಯಿರಿ. ಗಾಜಿನ ಸಮೇತ ಒಳ್ಳೆಯ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ. ಗೋಡೆಗೆ ಆ ಪ್ರಿಂಟ್ ಹಾಕಿ. ಕಟ್ಟು ಹಾಕಿಸುವಾಗ ಫೋಟೋದ ಸುತ್ತ ಮೌಂಟ್, ಅಂದರೆ ದಪ್ಪ ರಟ್ಟಿನ ಅಂಚು ಕೊಡಿಸಿ, ಆಗ ಗಾಜಿಗೂ ಫೋಟೋಗೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಹಿಂಬದಿಯ ಕೆಳಗಿನ ಎರಡು ಮೂಲೆಗೆ ಬಿರಡೆಯ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಮಳೆ ಹೊಡೆಯುವ ಹೊರಗೋಡೆ ಬೇಡ, ಒಳಗೋಡೆಗೆ ಹಾಕಿ. ಗಾಜಿಗೆ ಅಂಟಿದ ಮೂಲ ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ ಅಲಮಾರಿನಲ್ಲಿ ಮಟ್ಟಸವಾಗಿ ಮಲಗಿಸಿಡಿ. ಜೂನ್ ಬರುವ ಮೊದಲೇ ಸ್ಕ್ಯಾನ್ ಆಗಲಿ.